ಮೊದಲ ಜೋಡಿಯೇ ಹುಲಿಯಾದರೆ?

ಸರಳದಿಂದ ಕಠಿಣಕ್ಕೆ, ತಿಳಿದದ್ದರಿಂದ ತಿಳಿಯದುದರೆಡೆಗೆ. ಶಿಕ್ಷಕರ ತರಬೇತಿ ಪಡೆದವರೆಲ್ಲ ಬಾಯಿಪಾಠ ಮಾಡಿದ ಸೂತ್ರವಿದು. ಕೂಡುವುದು ಬಂದ ಮೇಲೆ ಕಳೆಯುವುದು, ಮಗ್ಗಿ ಬಂದ ಮೇಲೆ ಭಾಗಾಕಾರ. ನಾನೂ ಅದನ್ನೇ ನಂಬಿ ಪಾಠ ಮಾಡಿದವನು. ಆದರೆ ಮುಷ್ಟಿಯುದ್ಧದ, ಅಂದರೆ ಇಂದು ನಾವು ಬಾಕ್ಸಿಂಗ್ ಎನ್ನುವ ಆಟದ ಇತಿಹಾಸವನ್ನು ಓದುತ್ತ ಹೋದಂತೆ ಈ ಸೂತ್ರವನ್ನೇ ತಲೆಕೆಳಗು ಮಾಡಿದ ಕೆಲವರು ಎದುರಾಗುತ್ತಾರೆ. ವೃತ್ತಿಗಿಳಿದ ಮೊದಲ ಪಂದ್ಯದಲ್ಲೋ ಎರಡನೆಯದರಲ್ಲೋ ಎಂಟನೆಯದರಲ್ಲೋ ಜಗತ್ತಿನ ಅತಿ ಬಲಿಷ್ಠರ ಮುಂದೆ ನಿಂತವರು ಇವರು. ಇವರ ಎದೆಗಾರಿಕೆಯನ್ನು ಹೊಗಳುವುದು ಸುಲಭ. ಆದರೆ ಆ ಜೋಡಿಯನ್ನು ಹಚ್ಚಿದವರು ಯಾರು, ಯಾತಕ್ಕಾಗಿ ಹಚ್ಚಿದರು, ಅದರಿಂದ ಆ ತರುಣನಿಗೆ ಆದದ್ದೇನು ಎಂದು ಕೇಳುವುದು ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ಈ ಬರಹದಲ್ಲಿ ಅದನ್ನೇ ವಿಚಾರ ಮಾಡಲು ಹೊರಟಿದ್ದೇನೆ.

'ಜೋಡಿ ಹಚ್ಚುವುದು' ಎಂಬ ಮಾತು ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯವರಿಗೆ ಹೊಸದಲ್ಲ. ಜಾತ್ರೆಯ ಕುಸ್ತಿ ಕಂಡವರಿಗೆಲ್ಲ ಅದರ ಕ್ರಮ ಗೊತ್ತು. ಮೊದಲು ಚಿಕ್ಕ ಹುಡುಗರ ಕುಸ್ತಿ. ಗೆದ್ದವನಿಗೆ ಒಂದು ತೆಂಗಿನಕಾಯಿ ಇಲ್ಲವೆ ಕೊಬ್ಬರಿ ಬಟ್ಟಲು. ಆಮೇಲೆ ಮೀಸೆ ಚಿಗುರುತ್ತಿರುವವರು, ಅವರ ನಂತರ ಹೆಸರು ಮಾಡಿದ ಪೈಲ್ವಾನರು. ಹೊತ್ತು ಮುಳುಗುವ ವೇಳೆಗೆ ಬೆಳ್ಳಿ ಕಡಗದ ಕೊನೆಯ ಕುಸ್ತಿ. ಅಖಾಡದ ನಡುವೆ ನಿಂತ ಹಿರಿಯರು ಇಬ್ಬರ ಮೈಕಟ್ಟನ್ನು ಕಣ್ಣಳತೆಯಲ್ಲಿ ನೋಡಿ, ಉಸ್ತಾದರನ್ನು ಕೇಳಿ, ಸಮವೆನಿಸಿದರೆ ಮಾತ್ರ ಕೈ ಕೂಡಿಸುತ್ತಾರೆ. ಒಪ್ಪದ ಜೋಡಿಯನ್ನು ಜನ ಎಷ್ಟು ಕೂಗಿದರೂ ಬಿಡುವುದಿಲ್ಲ. ಕುಸ್ತಿ ಆಡುವವರಷ್ಟೇ ಜೋಡಿ ಹಚ್ಚುವವರೂ ಈ ಆಟಕ್ಕೆ ಬೇಕಾದವರು.

ಈ ವಿವೇಕ ನಮ್ಮ ನೆಲದಲ್ಲಿ ಬಹಳ ಹಳೆಯದು. ಈ ಸೀಮೆಯನ್ನೂ ಒಳಗೊಂಡ ರಾಜ್ಯವನ್ನು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು, ದೇಹ, ಬಲಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಅವರ ಆಹಾರ, ಅಭ್ಯಾಸಗಳನ್ನೂ ಹೇಳಲಾಗಿದೆ. ಮೇಲಿನ ದರ್ಜೆಯ ಮಲ್ಲನಿಗೆ ಅಲ್ಲಿ ಬಳಸಿರುವ ಹೆಸರು ಜ್ಯೇಷ್ಠಿಕ. ನಮ್ಮ 'ಜಟ್ಟಿ' ಎಂಬ ಪದ ಇದೇ ಬೇರಿನದೆಂದು ಬಲ್ಲವರು ಹೇಳುತ್ತಾರೆ. ಒಬ್ಬ ಅರಸನು ಮಲ್ಲಯುದ್ಧವನ್ನು ವಿನೋದವೆಂದು ಕರೆದರೂ ಯಾರು ಯಾವ ದರ್ಜೆಯವನು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡನೆಂಬುದು ಗಮನಾರ್ಹ.

ನಾಲ್ಕು ಶತಮಾನಗಳ ತರುವಾಯ, ತುಂಗಭದ್ರೆಯ ಆಚೆ ದಂಡೆಯ ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪೇಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಬಂದನು. ಮಹಾನವಮಿಯ ಮಲ್ಲಯುದ್ಧವನ್ನು ಕಣ್ಣಾರೆ ಕಂಡು ಬರೆದಿಟ್ಟನು. ಅವನ ಬರವಣಿಗೆಯ ಪ್ರಕಾರ ಅದು ಬರೀ ಹಿಡಿದು ಕೆಡಹುವ ಕುಸ್ತಿಯಾಗಿರಲಿಲ್ಲ. ಹಲ್ಲು ಉದುರುವಂತೆ, ಕಣ್ಣು ಹೋಗುವಂತೆ, ಮುಖ ವಿಕಾರವಾಗುವಂತೆ ಹೊಡೆತಗಳು ಬೀಳುತ್ತಿದ್ದವು; ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಅಂದರೆ ಇಂದಿನ ಬಾಕ್ಸಿಂಗ್‌ಗೆ ಅದು ಬಹಳ ಸಮೀಪದ ಆಟ. ಆದರೆ ಅದೇ ಉಸಿರಿನಲ್ಲಿ ಪೇಯಸ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಈ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಕಣದಲ್ಲಿ ಇಬ್ಬರನ್ನೂ ಸಮನಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಣಯಿಸುವುದು ಅವರ ಕೆಲಸವಾಗಿತ್ತು. ಅಷ್ಟು ಉಗ್ರವಾದ ಆಟದಲ್ಲಿಯೂ 'ಸಮನಾಗಿ ನಿಲ್ಲಿಸುವವರು' ಇದ್ದರು.

ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ಈ ಪರಂಪರೆಯ ಉಳಿದ ಕೊಂಡಿ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬೆರಳಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ಯಾರಿಗೆ ಯಾರು ಜೋಡಿ ಎಂಬುದು ಹಿರಿಯರು ಮೊದಲೇ ತೀರ್ಮಾನಿಸಿದ ವಿಷಯ. ನಿಲ್ಲಿಸುವ ಗಳಿಗೆಯೂ ಮೊದಲೇ ಗೊತ್ತಾದದ್ದು.

ಇನ್ನು ಆಧುನಿಕ ಬಾಕ್ಸಿಂಗ್‌ಗೆ ಬರೋಣ. ಒಲಿಂಪಿಕ್ಸ್‌ನಂಥ ಹವ್ಯಾಸಿ ಪಂದ್ಯಗಳು ಮೂರೇ ಸುತ್ತಿನವು. ವೃತ್ತಿಪರ ಪಂದ್ಯಗಳಲ್ಲಿ ನಾಲ್ಕು, ಆರು, ಹತ್ತು ಎಂದು ಏರುತ್ತ ಪ್ರಶಸ್ತಿಯ ಹಂತಕ್ಕೆ ಬಂದಾಗ ಇಂದು ಹನ್ನೆರಡು ಸುತ್ತು. 1980ರ ದಶಕದವರೆಗೆ ಹದಿನೈದು ಸುತ್ತುಗಳೂ ಇದ್ದವು. ಆದ್ದರಿಂದ ಹವ್ಯಾಸಿಯಾಗಿ ಬಂಗಾರ ಗೆದ್ದವನೂ ವೃತ್ತಿಯಲ್ಲಿ ಮತ್ತೆ ಒಂದನೇ ತರಗತಿಗೆ ಸೇರಿದಂತೆಯೇ ಸರಿ. ಅವನಿಗೆ ತಕ್ಕ ಎದುರಾಳಿಗಳನ್ನು ಆರಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಗುರುವೂ ವ್ಯವಸ್ಥಾಪಕರೂ ಇರುತ್ತಾರೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಈ ವಿಷಯಕ್ಕೆ ಒಳ್ಳೆಯ ಪಾಠ. ಲೈಟ್ ವೆಲ್ಟರ್‌ವೇಟ್ ವಿಭಾಗದಲ್ಲಿ ನಮ್ಮ ಕೊಡಗಿನ ಸಿ.ಸಿ. ಮಾಚಯ್ಯನವರು ಭಾರತದ ಪರವಾಗಿ ಕಣಕ್ಕಿಳಿದಿದ್ದರು. ಮುಂದೆ ಅರ್ಜುನ ಪ್ರಶಸ್ತಿ ಪಡೆದ ಕನ್ನಡ ನಾಡಿನ ಹೆಮ್ಮೆಯ ಮುಷ್ಟಿಪಟು ಅವರು. ಅದೇ ವಿಭಾಗದಲ್ಲಿ ಬಂಗಾರ ಗೆದ್ದವನು ಅಮೆರಿಕದ ಶುಗರ್ ರೇ ಲಿಯೊನಾರ್ಡ್. ಅದೇ ಕೂಟದ ಲೈಟ್ ಹೆವಿವೇಟ್ ಬಂಗಾರ ಅವನ ದೇಶದವನೇ ಆದ ಲಿಯಾನ್ ಸ್ಪಿಂಕ್ಸ್‌ಗೆ. ಒಂದೇ ಕೂಟದಿಂದ ಹೊರಬಿದ್ದ ಈ ಇಬ್ಬರು ಅಮೆರಿಕನ್ನರು 1977ರ ಆರಂಭದಲ್ಲಿ ಕೆಲವೇ ವಾರಗಳ ಅಂತರದಲ್ಲಿ ವೃತ್ತಿಗಿಳಿದರು.

ಸ್ಪಿಂಕ್ಸ್ ಏಳು ಪಂದ್ಯವಾಡಿದ್ದ. ಆರು ಗೆಲುವು, ಒಂದು ಸಮ. ಹತ್ತು ಸುತ್ತಿಗಿಂತ ಹೆಚ್ಚು ಆಡಿದವನಲ್ಲ. ಎಂಟನೆಯ ಪಂದ್ಯಕ್ಕೆ ಅವನ ಎದುರು ನಿಂತವನು ಸಾಕ್ಷಾತ್ ಮುಹಮ್ಮದ್ ಅಲಿ. 1978ರ ಫೆಬ್ರವರಿ 15ರಂದು ಲಾಸ್ ವೇಗಸ್‌ನಲ್ಲಿ ಹದಿನೈದು ಸುತ್ತು ಸೆಣಸಿ, ತೀರ್ಪುಗಾರರ ಬಹುಮತದಿಂದ ಸ್ಪಿಂಕ್ಸ್ ಗೆದ್ದುಬಿಟ್ಟ! ಜಗತ್ತು ಬೆರಗಾಯಿತು. ಆದರೆ ಗೆಲುವು ಅವನನ್ನು ಹೊತ್ತೊಯ್ದ ಎತ್ತರದಲ್ಲಿ ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ. ಕೆಲವೇ ವಾರಗಳಲ್ಲಿ ಒಂದು ಸಂಸ್ಥೆಯ ಪಟ್ಟ ಕಾಗದದ ಮೇಲೆಯೇ ಕೈಬಿಟ್ಟಿತು. ಸೆಪ್ಟೆಂಬರ್ 15ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಅಲಿ ಉಳಿದ ಪಟ್ಟವನ್ನೂ ಮರಳಿ ಪಡೆದ. ಏಳು ತಿಂಗಳ ಅರಸೊತ್ತಿಗೆ ಅದು. ಆ ಬಳಿಕ ಸ್ಪಿಂಕ್ಸ್ 1995ರವರೆಗೂ ಆಡಿದನಾದರೂ ಗೆಲುವುಗಳ ಜೊತೆ ಸೋಲುಗಳೂ ಸಾಲುಗಟ್ಟಿದವು. ಹೆವಿವೇಟ್ ಪಟ್ಟ ಮತ್ತೆ ಸಿಗಲಿಲ್ಲ. 2021ರಲ್ಲಿ ಅವನು ತೀರಿಕೊಂಡ.

ಲಿಯೊನಾರ್ಡ್‌ನ ದಾರಿ ಬೇರೆ. ಅಲಿಗೆ ಗುರುವಾಗಿದ್ದ ಆಂಜೆಲೊ ಡಂಡಿಯೇ ಅವನಿಗೆ ಎದುರಾಳಿಗಳನ್ನು ಆರಿಸುತ್ತಿದ್ದ. ಒಬ್ಬ ಎಡಗೈಯವನು, ಒಬ್ಬ ಓಡಾಡಿ ಆಡುವವನು, ಒಬ್ಬ ಮೈಮೇಲೆ ಬೀಳುವವನು, ಹೀಗೆ ಪ್ರತಿ ಪಂದ್ಯವೂ ಒಂದು ಹೊಸ ಪಾಠ. ಇಪ್ಪತ್ತೈದು ಪಂದ್ಯಗಳ ನಂತರ, 1979ರ ನವೆಂಬರ್ 30ರಂದು, ಅದುವರೆಗೆ ಸೋಲನ್ನೇ ಕಾಣದ ವಿಲ್ಫ್ರೆಡ್ ಬೆನಿಟೆಜ್‌ನನ್ನು ಹದಿನೈದನೆಯ ಸುತ್ತಿನಲ್ಲಿ ಸೋಲಿಸಿ ಲಿಯೊನಾರ್ಡ್ ವಿಶ್ವಪಟ್ಟ ಏರಿದ. ಅಲ್ಲಿಂದ ಒಂದು ದಶಕ ಆ ಆಟದ ಮುಂಚೂಣಿಯಲ್ಲಿದ್ದ. ಸ್ಪಿಂಕ್ಸ್‌ಗೆ ಎಂಟನೆಯದಾದದ್ದು ಇವನಿಗೆ ಇಪ್ಪತ್ತಾರನೆಯದು. ಸರಳದಿಂದ ಕಠಿಣಕ್ಕೆ ಎಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೂ ಇಷ್ಟಕ್ಕೇ ತೀರ್ಪು ಕೊಡಲಾಗದು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹೆವಿವೇಟ್ ಬಂಗಾರ ಗೆದ್ದ ಪೀಟ್ ರಾಡೆಮಾಕರ್ ತನ್ನ ವೃತ್ತಿಯ ಮೊಟ್ಟಮೊದಲ ಪಂದ್ಯವನ್ನೇ ವಿಶ್ವಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ವಿರುದ್ಧ ಆಡಿದ. ಯಾರೂ ಅವನನ್ನು ದೂಡಿರಲಿಲ್ಲ. ಹಟ ಹಿಡಿದು, ಹಣ ಹಾಕುವವರನ್ನು ಕೂಡಿಸಿ, ಪ್ಯಾಟರ್ಸನ್‌ಗೆ ಎರಡೂವರೆ ಲಕ್ಷ ಡಾಲರ್ ಖಾತರಿಪಡಿಸಿ ಆ ಪಂದ್ಯವನ್ನು ತಾನೇ ಬರಮಾಡಿಕೊಂಡದ್ದು. 1957ರ ಆಗಸ್ಟ್ 22ರಂದು ಸಿಯಾಟಲ್ ನಗರದಲ್ಲಿ ಎರಡನೆಯ ಸುತ್ತಿಗೇ ಅವನು ಚಾಂಪಿಯನ್ನನನ್ನು ನೆಲಕ್ಕೆ ಕೆಡವಿದ. ಆಮೇಲೆ ಪ್ಯಾಟರ್ಸನ್ ಎಚ್ಚೆತ್ತ. ಮತ್ತೆ ಮತ್ತೆ ಬಿದ್ದು ಎದ್ದ ರಾಡೆಮಾಕರ್ ಆರನೆಯ ಸುತ್ತಿನಲ್ಲಿ ಸೋತ. ಮರುವರ್ಷ ಎರಡನೆಯ ಪಂದ್ಯಕ್ಕೆ ಜೋರಾ ಫಾಲಿಯಂಥ ಮತ್ತೊಬ್ಬ ಬಲಶಾಲಿಯನ್ನೇ ಆರಿಸಿಕೊಂಡು ಅಲ್ಲೂ ಸೋತ. 1962ರ ಹೊತ್ತಿಗೆ ಕೈಗವಸು ಕಳಚಿಟ್ಟ. ಚಾಂಪಿಯನ್ ಆಗಲಿಲ್ಲ ನಿಜ. ಆದರೆ ಆಗ ಅವನು ಇಪ್ಪತ್ತೆಂಟು ದಾಟುತ್ತಿದ್ದ ಪ್ರಬುದ್ಧ. ಅಪಾಯವನ್ನು ಅಳೆದು ತಾನೇ ಮುಂದೆ ಹೋದವನು. 2020ರಲ್ಲಿ ತೀರಿಕೊಳ್ಳುವವರೆಗೂ ಮೊದಲ ಪಂದ್ಯವನ್ನೇ ವಿಶ್ವಪಟ್ಟಕ್ಕಾಗಿ ಆಡಿದ ಹೆವಿವೇಟ್ ಎಂಬ ಹೆಸರು ಅವನ ಜೊತೆಗಿತ್ತು.

ಇನ್ನಿಬ್ಬರನ್ನು ನೋಡಿ. ಥಾಯ್ಲೆಂಡಿನ ಸೇನ್ಸಾಕ್ ಮುವಾಂಗ್ಸುರಿನ್ 1975ರಲ್ಲಿ ತನ್ನ ಮೂರನೆಯ ಬಾಕ್ಸಿಂಗ್ ಪಂದ್ಯದಲ್ಲೇ ವಿಶ್ವಪಟ್ಟ ಗೆದ್ದ. ಪವಾಡವೆನಿಸಬಹುದು. ಆದರೆ ಅದಕ್ಕೆ ಮೊದಲು ಅವನು ಮುಯೇ ಥಾಯ್ ಎಂಬ ಅವರ ನಾಡಿನ ಸಮರಕಲೆಯಲ್ಲಿ ಪಳಗಿದವನು. ಉಕ್ರೇನಿನ ವಾಸಿಲ್ ಲೊಮಾಚೆಂಕೊ ಎರಡು ಒಲಿಂಪಿಕ್ ಬಂಗಾರಗಳೊಡನೆ 2013ರಲ್ಲಿ ವೃತ್ತಿಗೆ ಬಂದು, ಎರಡನೆಯ ಪಂದ್ಯಕ್ಕೇ ವಿಶ್ವಪಟ್ಟ ಕೇಳಿದ. 2014ರ ಮಾರ್ಚ್ 1ರಂದು ಅವನೆದುರು ನಿಂತವನು ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ. ಹದಿನೈದರ ಹರೆಯದಲ್ಲೇ ವೃತ್ತಿಗಿಳಿದ ಈತನ ಲೆಕ್ಕದಲ್ಲಿ ಆಗಲೇ ಹನ್ನೆರಡು ಸೋಲುಗಳಿದ್ದವು. ತೂಕದ ಮಿತಿ ಮೀರಿ ಬಂದು ತಕ್ಕಡಿಯ ಮೇಲೆಯೇ ಪಟ್ಟ ಕಳೆದುಕೊಂಡಿದ್ದವನು ಮೈಮೇಲೆ ಬಿದ್ದು, ಹೊಟ್ಟೆಗೆ ಹೊಡೆದು, ಸೊಂಟದ ಕೆಳಗೂ ಹೊಡೆದು ಚಿನ್ನದ ಹುಡುಗನನ್ನು ಸೋಲಿಸಿದ. ಲೊಮಾಚೆಂಕೊ ಕಲಿಯಬೇಕಾದುದನ್ನು ಆ ಒಂದೇ ರಾತ್ರಿ ಕಲಿತನೆಂದು ತೋರುತ್ತದೆ. ಅದೇ ವರ್ಷದ ಜೂನ್ 21ರಂದು ಗ್ಯಾರಿ ರಸೆಲ್‌ನನ್ನು ಸೋಲಿಸಿ, ಮೂರನೆಯ ಪಂದ್ಯದಲ್ಲಿ ಪಟ್ಟ ಗೆದ್ದು ಸೇನ್ಸಾಕ್‌ನ ದಾಖಲೆಯನ್ನು ಸರಿಗಟ್ಟಿದ. ನೂರಾರು ಹವ್ಯಾಸಿ ಪಂದ್ಯಗಳ ಅಡಿಪಾಯ ಅವನಿಗಿತ್ತು. ಬಾಲ್ಯದಿಂದ ಕಲಿಸಿದ ತಂದೆಯೇ ಗುರುವಾಗಿ ಜೊತೆಗಿದ್ದರು. ಸೋಲು ಪಾಠವಾದದ್ದು ಆ ಕಾರಣದಿಂದ.

ನಮ್ಮ ವಿಜೇಂದರ್ ಸಿಂಗ್ ಅವರದು ಲಿಯೊನಾರ್ಡ್‌ನ ದಾರಿ. 2008ರ ಬೀಜಿಂಗ್ ಕಂಚಿನ ನಂತರ 2015ರ ಅಕ್ಟೋಬರ್ 10ರಂದು ಮ್ಯಾಂಚೆಸ್ಟರ್‌ನಲ್ಲಿ ವೃತ್ತಿ ಆರಂಭಿಸಿದಾಗ ಅವರಿಗೆ ದೊರೆತದ್ದು ಹೊಸಬನಾದ ಎದುರಾಳಿ. ಸತತ ಹನ್ನೆರಡು ಗೆಲುವಿನ ಬಳಿಕ 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ಮೊದಲ ಸೋಲು ಕಂಡರು. ಎದುರಾಳಿಗಳು ಮೆದುವಾಗಿದ್ದರೆಂದು ಆಕ್ಷೇಪಿಸಿದವರು ಉಂಟು. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಬರೀ ಸುಲಭದ ಲೆಕ್ಕಗಳನ್ನೇ ಕೊಡುತ್ತ ಹೋದರೂ ವಿದ್ಯಾರ್ಥಿ ಬೆಳೆಯುವುದಿಲ್ಲ. ಆದರೆ ಮೂವತ್ತರ ಹತ್ತಿರ ಹೊಸ ವೃತ್ತಿಗಿಳಿದವನನ್ನು ಮೊದಲ ದಿನವೇ ಹುಲಿಯ ಬಾಯಿಗೆ ಕೊಡದಿದ್ದುದನ್ನು ತಪ್ಪೆನ್ನಲೂ ಆಗದು.

ಇದೆಲ್ಲ ದೂರದ ಊರುಗಳ ಕಥೆ ಎಂದು ಓದುಗರು ತಿಳಿಯಬಾರದು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯ ಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮುಖಕ್ಕೆ ಹೊಡೆತ ಬಿದ್ದು ಕುಸಿದ ಮೈಸೂರಿನ 23ರ ತರುಣ ಮತ್ತೆ ಏಳಲಿಲ್ಲ, ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು. ಇಂದು ನಮ್ಮ ತಾಲ್ಲೂಕು ಊರುಗಳ ಮಕ್ಕಳೂ ಕರಾಟೆ, ಬಾಕ್ಸಿಂಗ್ ಎಂದು ಆಸೆಯಿಂದ ಸೇರುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ಮೊಬೈಲ್ ಹಿಡಿದು ಸುತ್ತ ನಿಂತು ಕೂಗುವವರಿಗೆ ಬೇಕಾದದ್ದು ರೋಮಾಂಚನ. ಹುಡುಗನ ನಾಳೆಯ ಚಿಂತೆ ಅವರಿಗಿರುವುದಿಲ್ಲ.

ಇಷ್ಟು ಕಥೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಹೊಳೆಯುವುದು ಇಷ್ಟೇ. ಬಲಿಷ್ಠ ಎದುರಾಳಿ ಆರಂಭದಲ್ಲೇ ಬಂದರೆ ಕೆಡುಕೆಂದೂ ಅಲ್ಲ, ಒಳಿತೆಂದೂ ಅಲ್ಲ. ಲೊಮಾಚೆಂಕೊನಂತೆ ಹಿಂದೆ ದೊಡ್ಡ ಅಭ್ಯಾಸವಿದ್ದರೆ, ರಾಡೆಮಾಕರ್‌ನಂತೆ ಅರಿತು ಒಪ್ಪಿದ ಪ್ರಬುದ್ಧತೆಯಿದ್ದರೆ, ವಜ್ರಮುಷ್ಟಿಯ ಹಿರಿಯರಂತೆ ತಕ್ಕ ಗಳಿಗೆಗೆ ನಿಲ್ಲಿಸುವವರಿದ್ದರೆ ಅಂಥ ಜೋಡಿಯಿಂದ ಕಲಿಯಬಹುದು. ಈ ಮೂರೂ ಇಲ್ಲದ ಕಡೆ ಹುಡುಗನ ಧೈರ್ಯವನ್ನು ಇತರರು ಖರ್ಚು ಮಾಡಿದಂತಾಗುತ್ತದೆ. ಮಕ್ಕಳನ್ನು ಕಣಕ್ಕೆ ಕಳಿಸುವ ತಂದೆತಾಯಿಗಳು ಬಹುಮಾನವೆಷ್ಟು ಎಂದು ಕೇಳುವ ಮೊದಲು ಎದುರಾಳಿ ಯಾರು, ಅವನ ತೂಕವೆಷ್ಟು, ಅನುಭವವೆಷ್ಟು, ವೈದ್ಯರು ಇದ್ದಾರೆಯೇ, ಪಂದ್ಯ ನಿಲ್ಲಿಸುವ ಅಧಿಕಾರ ಯಾರದು ಎಂದು ಕೇಳಲಿ. ಹಾಗೆ ಕೇಳುವುದು ಹೇಡಿತನವಲ್ಲ. ಹಂಪಿಯ ಮಹಾನವಮಿಯಲ್ಲಿ ಇಬ್ಬರನ್ನು ಸಮನಾಗಿ ನಿಲ್ಲಿಸುತ್ತಿದ್ದ ಆ ಹೆಸರಿಲ್ಲದ ಹಿರಿಯರು ಮಾಡುತ್ತಿದ್ದ ಕೆಲಸವೂ ಇದೇ.