ಹುಸೇನರಿಗೆ ಗೋಡೆ ಕೊಟ್ಟವರು

ದೇಹೂ ರೋಡ್ ಅಂದ್ರೆ ಹೆಚ್ಚಿನವರಿಗೆ ಮಿಲಿಟರಿ ಡಿಪೋ ಮತ್ತು ಪುಣೆ-ಲೋನಾವಳಾ ಲೋಕಲ್ ರೈಲು ನೆನಪಾಗುತ್ತೆ. ಪಕ್ಕದಲ್ಲೇ ಸಂತ ತುಕಾರಾಮರ ದೇಹೂ ಇದೆ. ಪ್ರತಿವರ್ಷ ಅಲ್ಲಿಂದ ಹೊರಡುವ ಪಾಲಖಿ ಅನಗಡಶಾಹ ಬಾಬಾರ ದರ್ಗಾದಲ್ಲಿ ನಿಂತು, ಪಂಢರಪುರದ ದಾರಿ ಹಿಡಿಯುತ್ತದೆ. ಅದೇ ಪಂಢರಪುರದಲ್ಲಿ 1915ರಲ್ಲಿ ಮಕ್ಬೂಲ್ ಫಿದಾ ಹುಸೇನ್ ಹುಟ್ಟಿದರು. ವಾರಕರಿಗಳ ಊರಲ್ಲಿ ಹುಟ್ಟಿದ ಈ ಮುಸ್ಲಿಂ ಹುಡುಗ ಮದರಸಾದಲ್ಲಿ ಖತ್ ಕಲಿತು, ಮುಂಬೈಗೆ ಬಂದು ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು.

1947ರಲ್ಲಿ ಸೂಜಾ, ರಜಾ, ಆರಾ, ಗಾಡೆ, ಬಾಕ್ರೆ ಮತ್ತು ಹುಸೇನ್ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಕ್ರೈಸ್ತ, ಮುಸ್ಲಿಂ, ಹಿಂದೂ ಎಲ್ಲರೂ ಅದರಲ್ಲಿದ್ದರು, ಅದೂ ದೇಶ ಇಬ್ಭಾಗವಾದ ವರ್ಷದಲ್ಲಿ! ಆದರೆ ಹೊಸ ಬಗೆಯ ಚಿತ್ರಗಳನ್ನು ತೂಗುಹಾಕೋದು ಎಲ್ಲಿ? ಜಹಾಂಗೀರ್ ಆರ್ಟ್ ಗ್ಯಾಲರಿ ಶುರುವಾಗಿದ್ದೇ 1952ರಲ್ಲಿ. ಅದಕ್ಕೂ ಮೊದಲು ಕೇಕೂ ಗಾಂಧಿ ಎಂಬ ಪಾರ್ಸಿ ಗೃಹಸ್ಥರು ಕೆಮೋಲ್ಡ್ ಎಂಬ ತಮ್ಮ ಫ್ರೇಮ್ ಅಂಗಡಿಯಲ್ಲೇ ಈ ಕಲಾವಿದರ ಚಿತ್ರಗಳನ್ನು ಇಡುತ್ತಿದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯ ನಮ್ಮ ಕೆ.ಕೆ. ಹೆಬ್ಬಾರರ ಚಿತ್ರಗಳೂ ಅಲ್ಲಿದ್ದವು. 1963ರಲ್ಲಿ ಅದೇ ಗ್ಯಾಲರಿ ಕೆಮೋಲ್ಡ್ ಆಯಿತು. ಸರ್ಕಾರದ ನೆರವಿಲ್ಲದೆ, ಒಬ್ಬ ಅಂಗಡಿಕಾರರ ಆಸ್ಥೆಯಿಂದ ಬೆಳೆದ ಜಾಗ ಅದು.

ಮುಂದೆ ಕಾಲ ಬದಲಾಯಿತು. ಹಿಂದೂ ದೇವತೆಗಳ ಚಿತ್ರಗಳ ಕಾರಣಕ್ಕೆ 1996ರಲ್ಲಿ ಅಹಮದಾಬಾದ್‌ನ ಗ್ಯಾಲರಿಗೆ ನುಗ್ಗಿ ಹುಸೇನರ ಕೃತಿಗಳನ್ನು ಹಾಳುಮಾಡಿದರು. ಇದನ್ನು ಖಂಡಿಸುವ ನಾವು ಇನ್ನೊಂದನ್ನೂ ಹೇಳಬೇಕು. 2004ರಲ್ಲಿ ಅವರ 'ಮೀನಾಕ್ಷಿ' ಸಿನಿಮಾದ ಒಂದು ಹಾಡಿಗೆ ನಮ್ಮ ಸಮುದಾಯದ ಸಂಘಟನೆಗಳೇ ವಿರೋಧ ಎತ್ತಿದವು. ಹುಸೇನ್ ಸಿನಿಮಾವನ್ನೇ ಥಿಯೇಟರ್‌ಗಳಿಂದ ವಾಪಸ್ ತಗೊಂಡರು. 2006ರಲ್ಲಿ ದೇಶ ಬಿಟ್ಟರು.

ಮೇ 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. ಆದರೂ ಅದೇ ಆಗಸ್ಟ್‌ನಲ್ಲಿ ದೆಹಲಿಯ ದೊಡ್ಡ ಕಲಾಮೇಳ, ಇಂಡಿಯಾ ಆರ್ಟ್ ಸಮ್ಮಿಟ್, ಭದ್ರತೆಯ ನೆಪದಲ್ಲಿ ಅವರ ಚಿತ್ರಗಳನ್ನು ಹೊರಗಿಟ್ಟಿತು. ಆಗ ಗೋಡೆ ಕೊಟ್ಟದ್ದು ಸಹಮತ್ ಎಂಬ ಕಲಾವಿದರ ಸಂಸ್ಥೆ. ಅದು ತನ್ನ ಜಾಗದಲ್ಲೇ ಹುಸೇನರ ಚಿತ್ರಗಳ ಪ್ರತಿಗಳನ್ನು ಪ್ರದರ್ಶನಕ್ಕಿಟ್ಟಿತು. ಅಲ್ಲಿಗೂ ಕಿಡಿಗೇಡಿಗಳು ನುಗ್ಗಿದರು. 2010ರಲ್ಲಿ ಹುಸೇನ್ ಕತಾರ್ ಪೌರತ್ವ ಪಡೆದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಪಂಢರಪುರದ ಮಗನಿಗೆ ಕಬರಿನ ಜಾಗ ಸಿಕ್ಕಿದ್ದೂ ಪರದೇಶದಲ್ಲೇ.

ತಸ್ವೀರ್ ವಿಷಯದಲ್ಲಿ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಇವೆ, ಇರಲಿ. ಆದರೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದ ಚಿತ್ರಕಾರರನ್ನು ಬಿಟ್ಟು ದಖನಿನ ಚರಿತ್ರೆ ಓದೋಕಾಗುತ್ತಾ? ಹುಸೇನರನ್ನು ಬಿಟ್ಟು ಸ್ವತಂತ್ರ ಭಾರತದ ಕಲೆಯ ಚರಿತ್ರೆ ಹೇಳೋಕಾಗುತ್ತಾ?

ಬಹಳಷ್ಟು ಸಣ್ಣ ಗ್ಯಾಲರಿಗಳಿಗೆ ಟಿಕೆಟ್ ಇಲ್ಲ, ಇಂಗ್ಲಿಷ್ ಬರಲೇಬೇಕು ಅಂತಲೂ ಇಲ್ಲ. ವಿದ್ಯಾರ್ಥಿಗಳೇ, ಸಂಕೋಚ ಬಿಟ್ಟು ಒಳಗೆ ಹೋಗಿ. ಚಿತ್ರ ಇಷ್ಟವಾಗದಿದ್ದರೆ ವಾದ ಮಾಡಿ, ಬರೆಯಿರಿ. ನೋಡೋಕೆ ಜನ ಬಂದರೆ ತಾನೇ ನಾಳೆಯೂ ಒಬ್ಬ ಕಲಾವಿದನಿಗೆ ಗೋಡೆ ಸಿಗೋದು.