ಕ್ರೈಸ್ತ ಸಭೆಯ ಇತಿಹಾಸದಲ್ಲಿ ಹೆಣ್ಣುಮಕ್ಕಳ ಹೆಸರುಗಳು: ಮೂಲ, ಅರ್ಥ ಮತ್ತು ದೀಕ್ಷಾಸ್ನಾನದ ಪ್ರಶ್ನೆ

ದೀಕ್ಷಾಸ್ನಾನದ ಆರಾಧನಾ ಕ್ರಮದಲ್ಲಿ ಮಗುವಿನ ಹೆಸರನ್ನು ಉಚ್ಚರಿಸುವ ಗಳಿಗೆ ಬಹು ಚಿಕ್ಕದು. ಆದರೆ ಅದಕ್ಕೆ ಮೊದಲು ಸಭಾಪಾಲಕರ ಮುಂದೆ ಬರುವ ಪ್ರಶ್ನೆಗಳು ಚಿಕ್ಕವಲ್ಲ. ಹುಟ್ಟಿದ ಹೆಣ್ಣುಮಗುವಿಗೆ ಅಜ್ಜಿಯ ಹೆಸರಾದ ಲಕ್ಷ್ಮಿ ಎಂಬುದನ್ನು ಇಡಬಹುದೆ? ಕರುಣಾ ಎಂಬುದು ಕ್ರೈಸ್ತ ಹೆಸರೆ, ಅಥವಾ ಅದರ ಮುಂದೆ ಮೇರಿ ಎಂದು ಸೇರಿಸಿದರೆ ಮಾತ್ರ ಕ್ರೈಸ್ತವಾಗುತ್ತದೆಯೆ? ವಯಸ್ಕ ಸ್ತ್ರೀಯೊಬ್ಬಳು ದೀಕ್ಷಾಸ್ನಾನವನ್ನು ಬಯಸಿ ಬಂದಾಗ, ಅಷ್ಟು ವರ್ಷ ಆಕೆ ಹೊತ್ತು ಬಂದ ಹೆಸರನ್ನು ನಾವು ತೆಗೆದುಹಾಕಬೇಕೆ?

ಇಂಥ ಪ್ರಶ್ನೆಗಳಿಗೆ ಉತ್ತರವನ್ನು ಬಹುಮಟ್ಟಿಗೆ ಹೆಸರಿನ ಮೂಲದಲ್ಲಿ ಹುಡುಕುವುದು ರೂಢಿ. ಇಬ್ರಿಯವಾದರೆ ಪವಿತ್ರ, ಗ್ರೀಕ್ ಅಥವಾ ಲ್ಯಾಟಿನ್ ಆದರೆ ಸ್ವೀಕಾರಾರ್ಹ, ಕನ್ನಡ ಅಥವಾ ಸಂಸ್ಕೃತವಾದರೆ ಸಂದೇಹಾಸ್ಪದ ಎಂಬ ಅಳತೆಗೋಲು ನಮ್ಮ ಸಭೆಗಳಲ್ಲಿ ಇನ್ನೂ ಉಳಿದಿದೆ. ಸಭೆಯ ಇತಿಹಾಸವು ಈ ಅಳತೆಗೋಲನ್ನು ಸಮರ್ಥಿಸುತ್ತದೆಯೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಹೆಣ್ಣುಮಕ್ಕಳ ಹೆಸರುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಂದೆಯ ಕುಲ, ಒಡೆಯನ ಇಚ್ಛೆ, ಗಂಡನ ಮನೆ ಇವುಗಳಿಂದ ಹೆಸರು ಪಡೆದವರಲ್ಲಿ ಸ್ತ್ರೀಯರೇ ಹೆಚ್ಚು. ಆದುದರಿಂದ ಹೆಸರಿಡುವುದರಲ್ಲಿ ಅಡಗಿರುವ ಪ್ರೀತಿಯೂ ಅಧಿಕಾರವೂ ಅವರ ಹೆಸರುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಸತ್ಯವೇದದ ಸಾಕ್ಷ್ಯ

ಸತ್ಯವೇದವು ಹೆಸರುಗಳ ಅರ್ಥವನ್ನು ಲಘುವಾಗಿ ಎಣಿಸುವುದಿಲ್ಲ. ಆದರೆ ಅರ್ಥವೇ ಅಂತಿಮವೆಂದೂ ಅದು ಹೇಳುವುದಿಲ್ಲ. ನೊವೊಮಿ ಎಂದರೆ ಮನೋಹರವಾದವಳು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಹಿಂದಿರುಗಿದಾಗ ಆಕೆ ಆ ಹೆಸರನ್ನು ನಿರಾಕರಿಸಿ, ಕಹಿ ಎಂಬರ್ಥದ ಮಾರಾ ಎಂಬ ಹೆಸರಿನಿಂದ ತನ್ನನ್ನು ಕರೆಯಬೇಕೆಂದು ಊರಿನ ಸ್ತ್ರೀಯರಿಗೆ ಹೇಳುತ್ತಾಳೆ. ಗ್ರಂಥಕರ್ತನು ಆಕೆಯ ಮಾತನ್ನು ದಾಖಲಿಸುತ್ತಾನೆ, ಆದರೆ ಮುಂದಿನ ವಾಕ್ಯಗಳಲ್ಲಿ ಆಕೆಯನ್ನು ನೊವೊಮಿ ಎಂದೇ ಕರೆಯುತ್ತಾನೆ. ದುಃಖಕ್ಕೆ ಮಾತಾಡುವ ಹಕ್ಕಿದೆ. ಆಕೆಯ ಹೆಸರನ್ನು ಕಿತ್ತುಕೊಳ್ಳುವ ಹಕ್ಕು ಅದಕ್ಕಿಲ್ಲ.

ಹೋಶೇಯನ ಮಗಳ ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ಆಕೆಗೆ ಇಟ್ಟ ಹೆಸರು ಲೋರುಹಾಮ, ಅಂದರೆ ಕರುಣೆ ಹೊಂದದವಳು. ಇಸ್ರಾಯೇಲಿನ ಮೇಲಿನ ತೀರ್ಪಿನ ಗುರುತಾಗಿ ಒಂದು ಹೆಣ್ಣುಮಗು ಈ ಹೆಸರನ್ನು ಹೊರಬೇಕಾಯಿತು. ಆದರೆ ಎರಡನೆಯ ಅಧ್ಯಾಯದ ಆರಂಭದಲ್ಲಿ, ಇಲ್ಲ ಎಂಬ ಅರ್ಥದ 'ಲೋ' ಎಂಬ ಅಕ್ಷರ ಬಿದ್ದುಹೋಗಿ 'ರುಹಾಮ' ಮಾತ್ರ ಉಳಿಯುತ್ತದೆ. ಪ್ರವಾದಿಯ ಸುವಾರ್ತೆ ಆ ಒಂದು ಅಕ್ಷರದ ಲೋಪದಲ್ಲಿದೆ. ಹೊಸ ಭಾಷೆಯ ಹೊಸ ಹೆಸರು ಇಲ್ಲಿ ಬೇಕಾಗಲಿಲ್ಲ. ಹಳೆಯ ಹೆಸರಿನೊಳಗಿನ ನಿರಾಕರಣೆ ತೊಲಗಿದರೆ ಸಾಕಾಯಿತು.

ಹದಸ್ಸಾ ಎಂಬ ಇಬ್ರಿಯ ಹೆಸರಿಗೆ ಸುಗಂಧ ಗಿಡವೊಂದರ ಅರ್ಥವಿದೆ. ಆಕೆಯೇ ಎಸ್ತೇರಳು. ಎಸ್ತೇರ್ ಎಂಬುದನ್ನು ಕೆಲವು ವಿದ್ವಾಂಸರು ನಕ್ಷತ್ರವೆಂಬ ಪಾರಸಿಯ ಪದಕ್ಕೂ, ಕೆಲವರು ಬಾಬೆಲಿನ ದೇವತೆಯಾದ ಇಷ್ತಾರಳಿಗೂ ಜೋಡಿಸುತ್ತಾರೆ. ಯೆಹೂದ್ಯರನ್ನು ಉಳಿಸಿದ ರಾಣಿಯ ಗ್ರಂಥಕ್ಕೆ ಅನ್ಯನಾಡಿನ ಆ ಹೆಸರೇ ಶೀರ್ಷಿಕೆಯಾಗಿ ನಿಂತಿದೆ.

ಮರಿಯ: ಒಂದು ಹೆಸರಿನ ಪಯಣ

ಸುವಾರ್ತೆಗಳನ್ನು ಓದುವವರಿಗೆ ಮರಿಯ ಎಂಬ ಹೆಸರಿನವರು ಇಷ್ಟು ಮಂದಿ ಏಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆ ಕಾಲದ ಶಾಸನಗಳು, ಅಸ್ಥಿಪೆಟ್ಟಿಗೆಗಳು ಮತ್ತು ಬರಹಗಳಲ್ಲಿ ಸಿಗುವ ಪಲೆಸ್ತೀನದ ಯೆಹೂದ್ಯ ಸ್ತ್ರೀಯರಲ್ಲಿ ಸುಮಾರು ಐವರಿಗೆ ಒಬ್ಬಳು ಮರಿಯ. ಅದರ ನಂತರದ ಸ್ಥಾನ ಸಲೋಮೆಯದು. ಈ ಎರಡೂ ಹೆಸರುಗಳು ಹಸ್ಮೋನಿಯ ರಾಜಮನೆತನದಲ್ಲಿ ಪ್ರಸಿದ್ಧವಾಗಿದ್ದವು. ಸಲೋಮೆ ಅಲೆಕ್ಸಾಂದ್ರ ಕ್ರಿ.ಪೂ. 76ರಿಂದ 67ರವರೆಗೆ ಆಳಿದ ರಾಣಿ; ಹೆರೋದನ ಹೆಂಡತಿಯಾಗಿ ಅವನಿಂದಲೇ ಮರಣದಂಡನೆಗೆ ಗುರಿಯಾದ ಮರಿಯಮ್ನೆಯೂ ಅದೇ ಮನೆತನದವಳು. ಆದುದರಿಂದಲೇ ಸುವಾರ್ತಿಕರು ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ ಎಂದು ವಿಶೇಷಣಗಳನ್ನು ಸೇರಿಸಬೇಕಾಯಿತು. ಕರ್ತನ ತಾಯಿ ಧರಿಸಿದ್ದು ಅಪೂರ್ವವಾದ ಹೆಸರನ್ನಲ್ಲ, ಬೀದಿಯಲ್ಲಿ ಕೂಗಿದರೆ ಹಲವರು ತಿರುಗಿ ನೋಡುತ್ತಿದ್ದ ಹೆಸರನ್ನು.

ಈ ಹೆಸರಿನ ಮೂಲರೂಪವಾದ ಮಿರ್ಯಾಮ ಎಂಬುದರ ಅರ್ಥ ಇಂದಿಗೂ ನಿರ್ಧಾರವಾಗಿಲ್ಲ. ಕಹಿ, ಪ್ರತಿಭಟನೆ, ಐಗುಪ್ತ ಭಾಷೆಯ ಪ್ರಿಯಳಾದವಳು ಮುಂತಾದ ವಿವರಣೆಗಳಿವೆ. ಕ್ರಿ.ಶ. 390ರ ಸುಮಾರಿನಲ್ಲಿ ಇಬ್ರಿಯ ಹೆಸರುಗಳ ಅರ್ಥಕೋಶವನ್ನು ರಚಿಸಿದ ಜೆರೋಮನು ಇದನ್ನು ಸಮುದ್ರದ ಹನಿ ಎಂಬರ್ಥದ 'ಸ್ತಿಲ್ಲಾ ಮಾರಿಸ್' ಎಂದು ಬರೆದಿದ್ದನೆಂದೂ, ನಕಲುಗಾರರ ಕೈಯಲ್ಲಿ ಅದು ಸಮುದ್ರದ ನಕ್ಷತ್ರ ಎಂಬರ್ಥದ 'ಸ್ತೆಲ್ಲಾ ಮಾರಿಸ್' ಆಯಿತೆಂದೂ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಕ್ಷರವೊಂದರ ವ್ಯತ್ಯಾಸದಿಂದ ಹುಟ್ಟಿದ ಈ ಅರ್ಥವು ಪಶ್ಚಿಮದ ಸಭೆಯಲ್ಲಿ ಸ್ತೋತ್ರಗಳಿಗೂ ನಾವಿಕರ ಪ್ರಾರ್ಥನೆಗಳಿಗೂ ಆಧಾರವಾಯಿತು. ವೆರೋನಿಕ ಎಂಬ ಹೆಸರಿನದೂ ಇಂಥದೇ ಕಥೆ. ಜಯವನ್ನು ತರುವವಳು ಎಂಬರ್ಥದ ಬೆರೆನೀಕೆ ಎಂಬ ಮಕೆದೋನ್ಯದ ಹೆಸರನ್ನು, ನಿಜವಾದ ಪ್ರತಿಮೆ ಎಂಬ ಅರ್ಥ ಬರುವಂತೆ ಜನರು ಬಿಡಿಸಿ ಓದಿದರು. ಶುದ್ಧಳು ಎಂಬರ್ಥದ ಗ್ರೀಕ್ ಹೆಸರಾದ ಆಗ್ನೆಸ್ ಲ್ಯಾಟಿನಿನ 'ಆಗ್ನುಸ್' ಎಂಬ ಪದವನ್ನು ಹೋಲುವುದರಿಂದ, ಆ ರಕ್ತಸಾಕ್ಷಿಯ ಚಿತ್ರಗಳಲ್ಲಿ ಕುರಿಮರಿಯೊಂದು ಬಂದು ನಿಂತಿತು. ಶಬ್ದಶಾಸ್ತ್ರದ ದೃಷ್ಟಿಯಿಂದ ಇವು ತಪ್ಪುಗಳೇ. ಆದರೂ ಹೆಸರು ಮೊದಲು, ಅದನ್ನು ಹೊತ್ತವಳ ಬದುಕು ಅನಂತರ, ಅರ್ಥ ಕಡೆಗೆ ಎಂಬ ಕ್ರಮವನ್ನು ಇವು ನಮಗೆ ತೋರಿಸುತ್ತವೆ.

ರೋಮಾಪುರದ ಸಭೆಯ ಸ್ತ್ರೀಯರು

ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು ವಂದನೆಗಳ ಪಟ್ಟಿಯೆಂದು ನಾವು ಬೇಗನೆ ದಾಟಿಬಿಡುತ್ತೇವೆ. ಅಲ್ಲಿನ ಸ್ತ್ರೀಯರ ಹೆಸರುಗಳನ್ನು ನಿಂತು ನೋಡಬೇಕು. ಫೊಯಿಬೆ ಎಂದರೆ ಪ್ರಕಾಶಮಾನಳು. ಅದು ಗ್ರೀಕರ ಪುರಾಣದ ದೇವತೆಯ ಹೆಸರು. ಪೆರ್ಸೀಸ ಎಂದರೆ ಪಾರಸಿಯ ಹೆಂಗಸು. ಗುಲಾಮರನ್ನು ಅವರ ಸೀಮೆಯ ಹೆಸರಿನಿಂದ ಕರೆಯುತ್ತಿದ್ದ ಪದ್ಧತಿಯ ಗುರುತು ಅದರಲ್ಲಿದೆ. ಯೂಲ್ಯ ಎಂಬುದು ಯೂಲ್ಯ ಕುಲದ ಹೆಣ್ಣೆಂಬ ಸೂಚನೆ. ರೋಮನ್ ಪದ್ಧತಿಯಲ್ಲಿ ಹೆಣ್ಣುಮಗಳಿಗೆ ತಂದೆಯ ಕುಲನಾಮದ ಸ್ತ್ರೀಲಿಂಗ ರೂಪವೇ ಹೆಸರಾಗುತ್ತಿತ್ತು, ಆ ಕುಲದವರು ಬಿಡುಗಡೆ ಮಾಡಿದ ದಾಸಿಯರೂ ಅದನ್ನೇ ಧರಿಸುತ್ತಿದ್ದರು. ತ್ರುಫೈನ ಮತ್ತು ತ್ರುಫೋಸ ಎಂಬ ಹೆಸರುಗಳಿಗೆ ಸುಕುಮಾರಿ, ನಾಜೂಕಾದವಳು ಎಂಬ ಅರ್ಥ. ಈ ಇಬ್ಬರು ಕರ್ತನಲ್ಲಿ ಪ್ರಯಾಸಪಡುವವರೆಂದು ಪೌಲನು ಬರೆಯುತ್ತಾನೆ. ಹೆಸರು ಸುಕುಮಾರಿಯರದು, ಕೈಗಳು ದುಡಿದವರವು.

ಇವರಲ್ಲಿ ಯಾರ ಹೆಸರನ್ನೂ ಅಪೊಸ್ತಲನು ಬದಲಿಸಲಿಲ್ಲ. ದೇವತೆಯ ಹೆಸರಿನವಳು ಕೆಂಕ್ರೆಯ ಸಭೆಯ ಸೇವಕಿಯಾಗಿಯೇ ಉಳಿದಳು.

ಇದೇ ಅಧ್ಯಾಯದ 7ನೆಯ ವಚನದಲ್ಲಿ ಹೆಸರಿನ ಇತಿಹಾಸವನ್ನು ಅರಿಯದಿದ್ದರೆ ಆಗುವ ಹಾನಿಗೆ ಉದಾಹರಣೆಯಿದೆ. ಅಂದ್ರೋನಿಕನ ಜೊತೆಯಲ್ಲಿ ಪೌಲನು ವಂದಿಸುವ ಯೂನ್ಯ ಎಂಬುದು ಯೂನ್ಯ ಕುಲದ ಹೆಣ್ಣುಮಗಳಿಗೆ ಸಲ್ಲುವ, ರೋಮಿನ ಶಾಸನಗಳಲ್ಲಿ ಧಾರಾಳವಾಗಿ ಸಿಗುವ ಹೆಸರು. ಗ್ರೀಕ್ ಮಾತೃಭಾಷೆಯವನಾದ ಯೋಹಾನ ಕ್ರಿಸೊಸ್ತೊಮನು ಆಕೆಯನ್ನು ಸ್ತ್ರೀಯೆಂದೇ ತಿಳಿದು, ಅಪೊಸ್ತಲಳೆಂಬ ಬಿರುದಿಗೆ ಯೋಗ್ಯಳಾದವಳೆಂದು ಹೊಗಳಿದನು. ಅನಂತರದ ಶತಮಾನಗಳಲ್ಲಿ ಆ ಹೆಸರನ್ನು ಪುರುಷನದೆಂದು ಓದುವ ಅಭ್ಯಾಸ ಬೆಳೆಯಿತು. 1927ರ ನೆಸ್ಲೆ ಗ್ರೀಕ್ ಪಾಠದಲ್ಲಿ ಪುರುಷ ರೂಪವನ್ನು ಸೂಚಿಸುವ ಸ್ವರಚಿಹ್ನೆ ಸೇರಿತು. ಸ್ತ್ರೀ ರೂಪವು ಮರಳಿ ಮುದ್ರಣಕ್ಕೆ ಬಂದದ್ದು 1998ರಲ್ಲಿ. ಅಂಥ ಪುರುಷನಾಮವು ಪ್ರಾಚೀನ ದಾಖಲೆಗಳಲ್ಲಿ ಸಿಕ್ಕಿಲ್ಲ. ಕನ್ನಡದಲ್ಲಿ ಈ ವಿಷಯವನ್ನು ಮರೆಮಾಚಲು ದಾರಿಯಿಲ್ಲ. ಯೂನ್ಯನಿಗೆ ಎನ್ನಬೇಕು, ಇಲ್ಲವೆ ಯೂನ್ಯಳಿಗೆ ಎನ್ನಬೇಕು. ಒಂದು ಪ್ರತ್ಯಯದಲ್ಲಿ ಒಬ್ಬ ಅಪೊಸ್ತಲಳು ಉಳಿಯುತ್ತಾಳೆ ಅಥವಾ ಅಳಿಯುತ್ತಾಳೆ.

ಒಡೆಯರು ಇಟ್ಟ ಹೆಸರು

ಕ್ರಿ.ಶ. 203ರಲ್ಲಿ ಕಾರ್ಥೇಜಿನಲ್ಲಿ ರಕ್ತಸಾಕ್ಷಿಗಳಾದವರಲ್ಲಿ ಕುಲೀನಳಾದ ಪೆರ್ಪೆತುವಾ ಮತ್ತು ದಾಸಿಯಾದ ಫೆಲಿಸಿತಾಸ್ ಸೇರಿದ್ದರು. ಮಗಳ ಮನಸ್ಸನ್ನು ತಿರುಗಿಸಲು ತಂದೆ ಸೆರೆಗೆ ಬಂದಾಗ ಪೆರ್ಪೆತುವಾ ಅಲ್ಲಿದ್ದ ಪಾತ್ರೆಯೊಂದನ್ನು ತೋರಿಸಿ, ಅದನ್ನು ಬೇರೆ ಹೆಸರಿನಿಂದ ಕರೆಯಲು ಸಾಧ್ಯವೆ ಎಂದು ಕೇಳುತ್ತಾಳೆ. ತಾನೂ ಕ್ರೈಸ್ತಳಲ್ಲದೆ ಬೇರೆ ಹೆಸರಿನವಳಲ್ಲ ಎನ್ನುತ್ತಾಳೆ. ಆಕೆಗೆ ಕ್ರೈಸ್ತಳೆಂಬುದು ಹೆಸರಿನ ಬದಲಿಗೆ ಬಂದ ಇನ್ನೊಂದು ಹೆಸರಲ್ಲ. ಎಲ್ಲ ಹೆಸರುಗಳಿಗೂ ಆಧಾರವಾದದ್ದು.

ಫೆಲಿಸಿತಾಸ್ ಎಂದರೆ ಸೌಭಾಗ್ಯ. ಕೊಂಡ ದಾಸಿಗೆ ಒಡೆಯರು ಮೆಚ್ಚಿ ಇಡುತ್ತಿದ್ದ ಹೆಸರುಗಳಲ್ಲಿ ಅದೂ ಒಂದು. ಆಕೆ ಸೆರೆಮನೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು; ಸಭೆಯ ಸಹೋದರಿಯೊಬ್ಬಳು ಆ ಮಗುವನ್ನು ತನ್ನ ಮಗಳಂತೆ ಸಾಕಿದಳು. ಮಗುವಿನ ಹೆಸರನ್ನು ಗ್ರಂಥವು ಹೇಳುವುದಿಲ್ಲ. ಸಭೆಯು ಫೆಲಿಸಿತಾಸಳ ದಾಸ್ಯನಾಮವನ್ನು ಅಳಿಸದೆ ತನ್ನ ಪ್ರಾರ್ಥನೆಯಲ್ಲಿ ಉಳಿಸಿಕೊಂಡಿತು. ಒಡೆಯನು ಲಾಭದ ಆಸೆಯಿಂದ ಇಟ್ಟ ಪದವು ಅಲ್ಲಿ ಆಕೆಯ ಸ್ವಂತದ್ದಾಯಿತು.

ಹದಿನಾರು ಶತಮಾನಗಳ ಬಳಿಕ ಇದೇ ಕಥೆ ಆಫ್ರಿಕದಲ್ಲಿ ಮರುಕಳಿಸಿತು. 1869ರ ಸುಮಾರಿಗೆ ಸುಡಾನಿನ ದಾರ್‌ಫುರದಲ್ಲಿ ಹುಟ್ಟಿದ ಹುಡುಗಿಯೊಬ್ಬಳನ್ನು ಗುಲಾಮರ ವ್ಯಾಪಾರಿಗಳು ಅಪಹರಿಸಿದರು. ಭಯದ ಆಘಾತದಲ್ಲಿ ಆಕೆ ತಂದೆತಾಯಿಗಳಿಟ್ಟ ಹೆಸರನ್ನೇ ಮರೆತಳು. ಅಪಹರಿಸಿದವರು ಆಕೆಯನ್ನು ಬಖೀತಾ ಎಂದರು. ಅರಬ್ಬಿಯಲ್ಲಿ ಅದಕ್ಕೆ ಅದೃಷ್ಟವಂತೆ ಎಂಬ ಅರ್ಥ. 1890ರ ಜನವರಿ 9ರಂದು ವೆನಿಸಿನಲ್ಲಿ ದೀಕ್ಷಾಸ್ನಾನ ಹೊಂದುವಾಗ ಆಕೆಗೆ ಜ್ಯೂಸೆಪ್ಪೀನಾ, ಮಾರ್ಗರೀತಾ ಎಂಬ ಹೆಸರುಗಳ ಜೊತೆಗೆ ಫೋರ್ತುನಾತಾ ಎಂಬುದನ್ನೂ ಕೊಟ್ಟರು. ಅದು ಬಖೀತಾ ಎಂಬುದರ ಅನುವಾದವೇ. 2000ದಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿದಾಗ ಲೋಕವು ನೆನೆದದ್ದು ಬಖೀತಾ ಎಂಬ ಹೆಸರನ್ನೇ. ಕಳೆದುಹೋದ ಮೊದಲ ಹೆಸರು ಮಾತ್ರ ದೇವರಿಗೆ ಗೊತ್ತು.

ಸಂತರ ಹೆಸರು ನಿಯಮವಾದ ಬಗೆ

ಮಕ್ಕಳಿಗೆ ಅಪೊಸ್ತಲರ ಹೆಸರಿಡುವ ರೂಢಿ 3ನೆಯ ಶತಮಾನದಲ್ಲಿ ಕಾಣಿಸುತ್ತದೆ. ವಿಶ್ವಾಸಿಗಳ ಮಕ್ಕಳಲ್ಲಿ ಪೌಲ, ಪೇತ್ರ ಎಂಬ ಹೆಸರುಗಳು ಹೆಚ್ಚೆಂದು ಅಲೆಕ್ಸಾಂದ್ರಿಯದ ದಿಯೊನೀಸ್ಯನು ಬರೆದಿದ್ದಾನೆ. ಮುಂದಿನ ಶತಮಾನದಲ್ಲಿಯೂ ಕ್ರೈಸ್ತ ಮನೆಗಳವರು ಹಲವು ದೀಪಗಳನ್ನು ಹಚ್ಚಿ, ಒಂದೊಂದಕ್ಕೆ ಒಂದೊಂದು ಹೆಸರಿಟ್ಟು, ಹೆಚ್ಚು ಹೊತ್ತು ಉರಿದ ದೀಪದ ಹೆಸರನ್ನು ಮಗುವಿಗೆ ಕೊಡುತ್ತಿದ್ದರು. ಕ್ರಿಸೊಸ್ತೊಮನು ಇದನ್ನು ಖಂಡಿಸಿ, ನೀತಿವಂತರ ಹೆಸರುಗಳನ್ನು ಇಡುವಂತೆ ಬೋಧಿಸಿದನು. ಅವನದು ಉಪದೇಶ, ಕಾನೂನು ಬಂದದ್ದು ಬಹಳ ತಡವಾಗಿ. 1546ರಲ್ಲಿ ಜಿನೀವ ನಗರವು ತನಗೆ ಒಪ್ಪದ ಹೆಸರುಗಳನ್ನು ನಿಷೇಧಿಸಿತು. 1566ರ ರೋಮನ್ ಧರ್ಮೋಪದೇಶ ಗ್ರಂಥವು ಸಂತರ ಹೆಸರನ್ನು ಬೋಧಿಸಿತು. 1917ರ ರೋಮನ್ ಕಥೋಲಿಕ ಸಭಾ ಕಾನೂನು, ತಂದೆತಾಯಿಗಳು ಒಪ್ಪದಿದ್ದರೆ ಪಾಲಕನೇ ಸಂತರ ಹೆಸರೊಂದನ್ನು ಸೇರಿಸಬೇಕೆಂದಿತು. 1983ರ ಕಾನೂನಿನ 855ನೆಯ ನಿಯಮವು ಈ ಒತ್ತಾಯವನ್ನು ಬಿಟ್ಟು, ಕ್ರೈಸ್ತ ಭಾವನೆಗೆ ಹೊರಗಾದ ಹೆಸರು ಬೇಡವೆಂದಷ್ಟೇ ಹೇಳುತ್ತದೆ.

ಈ ನಡುವೆ ಇನ್ನೊಂದು ಸಂಪ್ರದಾಯವೂ ಇತ್ತು. ಸೊಫಿಯಾ ಎಂಬ ತಾಯಿ ಮತ್ತು ಆಕೆಯ ಮೂವರು ಹೆಣ್ಣುಮಕ್ಕಳು ರಕ್ತಸಾಕ್ಷಿಗಳಾದ ಐತಿಹ್ಯದಲ್ಲಿ ಆ ಮಕ್ಕಳ ಹೆಸರುಗಳು ಗ್ರೀಕಿನಲ್ಲಿ ಪಿಸ್ತಿಸ್, ಎಲ್ಪಿಸ್, ಅಗಾಪೆ. ಅಂದರೆ ನಂಬಿಕೆ, ನಿರೀಕ್ಷೆ, ಪ್ರೀತಿ. ಸ್ಲಾವ್ ಜನರು ಆ ಶಬ್ದಗಳನ್ನು ಹಾಗೆಯೇ ಎತ್ತಿಕೊಳ್ಳದೆ ತಮ್ಮ ಭಾಷೆಗೆ ತಂದು ವೇರಾ, ನದೇಜ್ದಾ, ಲ್ಯುಬೋವ್ ಎಂದರು. ಇಂದಿಗೂ ರಷ್ಯಾದಲ್ಲಿ ಅವು ಮನೆಮಾತಿನ ಹೆಸರುಗಳು. ನಮ್ಮ ಸಭೆಗಳ ಕೃಪಾ, ಕರುಣಾ, ಶಾಂತಿ, ಸ್ತುತಿ ಎಂಬ ಹೆಸರುಗಳು ಈ ಹಳೆಯ ಹೆದ್ದಾರಿಯಲ್ಲಿಯೇ ನಡೆದಿವೆ. ಅವುಗಳಿಗೆ ಇನ್ನೊಂದು ಹೆಸರಿನ ಊರುಗೋಲು ಬೇಕಾಗಿಲ್ಲ.

ಪಂಡಿತಾ ರಮಾಬಾಯಿ ಸರಸ್ವತಿ

ನಮ್ಮ ನೆಲದವರೇ ಆದ ಒಬ್ಬರ ಉದಾಹರಣೆ ಇಲ್ಲಿ ಉಚಿತ. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರಮಾ ಎಂಬುದು ಲಕ್ಷ್ಮಿಯ ಹೆಸರು. ಪಂಡಿತಾ ಮತ್ತು ಸರಸ್ವತಿ ಎಂಬುವು 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯಕ್ಕೆ ತಲೆಬಾಗಿ ಕೊಟ್ಟ ಬಿರುದುಗಳು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ಮಗಳು ಮನೋರಮಾಳೊಡನೆ ದೀಕ್ಷಾಸ್ನಾನ ಹೊಂದಿದಾಗ ಅವರಿಗೆ ಇಟ್ಟ ಹೆಸರು ಮೇರಿ ರಮಾ. ಆದರೆ 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಕುರಿತು ಅವರು ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಮುಖಪುಟದಲ್ಲಿ ಇರುವುದು ಪಂಡಿತಾ ರಮಾಬಾಯಿ ಸರಸ್ವತಿ ಎಂಬ ಹೆಸರು. ಸತ್ಯವೇದವನ್ನು ಮೂಲಭಾಷೆಗಳಿಂದ ಮರಾಠಿಗೆ ತಂದ ಆ ಕ್ರೈಸ್ತ ಸ್ತ್ರೀಯನ್ನು ಇತಿಹಾಸವು ರಮಾಬಾಯಿ ಎಂದೇ ಬಲ್ಲದು. ಫೊಯಿಬೆಯ ಸಾಲಿನಲ್ಲಿ ಅವರು ನಿಲ್ಲುತ್ತಾರೆ.

ಪಾಲಕರ ಹೊಣೆ

ಹಾಗಾದರೆ ಯಾವ ಹೆಸರನ್ನೂ ಬದಲಿಸಬಾರದೆ? ಹಾಗೆಂದು ನಾವು ಹೇಳುವುದಿಲ್ಲ. 2011ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ನಡೆದ ಸಮಾರಂಭವೊಂದರಲ್ಲಿ 285 ಹೆಣ್ಣುಮಕ್ಕಳು ಹೊಸ ಹೆಸರುಗಳನ್ನು ಪಡೆದರು. ಅದುವರೆಗೆ ಅವರನ್ನು ಕರೆಯುತ್ತಿದ್ದದ್ದು ನಕುಸಾ ಎಂದು. ಮರಾಠಿಯಲ್ಲಿ ಅದಕ್ಕೆ ಬೇಡವಾದವಳು ಎಂಬ ಅರ್ಥ. ಗಂಡುಮಗುವನ್ನು ಬಯಸಿದ ಮನೆಗಳಲ್ಲಿ ಹುಟ್ಟಿದ್ದೇ ಅವರ ಅಪರಾಧವಾಗಿತ್ತು. ಅದು ಸರಕಾರಿ ಸಮಾರಂಭ. ಆದರೂ ಲೋರುಹಾಮಳ 'ಲೋ' ಅಳಿಸಿದ ಕೃಪೆಯ ನೆರಳು ನಮಗೆ ಅದರಲ್ಲಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದು ಕರೆಯುವ ರೂಢಿ ನಮ್ಮ ನಾಡಿನಲ್ಲಿತ್ತು. ಶಬ್ದಕೋಶದಲ್ಲಿ ಅದು ಹೀನವಾದ ಪದ. ಆ ತಾಯಿಯ ಬಾಯಲ್ಲಿ ಮಗಳು ಬದುಕಲೆಂಬ ಮೊರೆ. ಎರಡು ಹೆಸರುಗಳೂ ತುಚ್ಛವಾಗಿ ಕೇಳಿಸುತ್ತವೆ, ಆದರೆ ಒಂದು ತಿರಸ್ಕಾರ, ಇನ್ನೊಂದು ಪ್ರೀತಿ.

ಆದುದರಿಂದ ಹೆಸರನ್ನು ಕುರಿತು ಪಾಲಕರು ಮೊದಲು ಕೇಳಬೇಕಾದದ್ದು ಅದು ಯಾವ ಭಾಷೆಯದು ಎಂದಲ್ಲ. ಅದನ್ನು ಯಾರು ಇಟ್ಟರು, ಯಾವ ಮನಸ್ಸಿನಿಂದ ಇಟ್ಟರು, ಅದನ್ನು ಕೇಳಿದಾಗ ಆಕೆ ತಲೆ ಎತ್ತುತ್ತಾಳೆಯೆ ತಗ್ಗಿಸುತ್ತಾಳೆಯೆ ಎಂಬುದನ್ನು ಕೇಳಬೇಕು. ತಲೆ ತಗ್ಗಿಸುವಂತೆ ಮಾಡುವ ಹೆಸರಾದರೆ, ಹೊಸದನ್ನು ಆರಿಸುವ ಹಕ್ಕು ಮೊದಲು ಆಕೆಯದು. ಸಲಹೆ ಮಾತ್ರ ನಮ್ಮದು. ಪ್ರೀತಿಯಿಂದ ಬಂದ ಹೆಸರಾದರೆ ಅದನ್ನು ಇದ್ದಂತೆಯೇ ನೀರಿನ ಬಳಿಗೆ ತರಬೇಕು. ಪುನರುತ್ಥಾನದ ಬೆಳಿಗ್ಗೆ ತೋಟದಲ್ಲಿ ಅಳುತ್ತಿದ್ದ ಸ್ತ್ರೀಗೆ ಕರ್ತನು ಹೊಸ ಹೆಸರನ್ನು ಕೊಡಲಿಲ್ಲ. ಆ ಕಾಲದಲ್ಲಿ ಎಲ್ಲೆಲ್ಲೂ ಕೇಳಿಬರುತ್ತಿದ್ದ, ಅರ್ಥ ಇಂದಿಗೂ ನಿಶ್ಚಯವಾಗದ ಆಕೆಯ ಹಳೆಯ ಹೆಸರಿನಿಂದಲೇ ಕರೆದನು. ಆಕೆ ಆತನನ್ನು ಗುರುತಿಸಿದ್ದು ಆ ಕರೆಯಿಂದಲೇ.