ಹತ್ತಿ, ಮರದ ನಾರು, ಚೊಗರು: ದಾವಣಗೆರೆ–ಹರಿಹರದ ಬಟ್ಟೆಯ ದಾರಿ

ಪರಿಸರಸ್ನೇಹಿ ಬಟ್ಟೆಯಲ್ಲಿ ಹೊಸ ವಿನ್ಯಾಸ ಮಾಡಹೊರಟ ಯುವಜನರಿಗೆ ದಾವಣಗೆರೆ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಸುತ್ತಲಿನ ಎರೆಹೊಲದ ಹತ್ತಿ ಇಲ್ಲಿನ ಜಿನ್ನಿಂಗ್ ಕಾರ್ಖಾನೆಗೆ, ಅಲ್ಲಿಂದ ಮಿಲ್ಲಿಗೆ ಹೋಗುತ್ತಿತ್ತು. ದಾವಣಗೆರೆ ಕಾಟನ್ ಮಿಲ್, ಆಂಜನೇಯ, ಚಂದ್ರೋದಯ ಇವೆಲ್ಲ ಮನೆಮನೆಯ ಅನ್ನದ ಹೆಸರುಗಳು. ಮಿಲ್ ಕಾರ್ಮಿಕರ ಹೋರಾಟದಿಂದ ಬಂದ ಕಮ್ಯುನಿಸ್ಟ್ ನಾಯಕ ಪಂಪಾಪತಿ ಶಾಸಕರೂ ಆದರು. ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೊಲಗಳಿಗೆ ಮೆಕ್ಕೆಜೋಳ ಬಂತು. ಹೊಲಕ್ಕೂ ಮಗ್ಗಕ್ಕೂ ಇದ್ದ ನಂಟು ಹರಿದದ್ದು ಆಗಲೇ.

ಹರಿಹರದ ಕಥೆ ಇದಕ್ಕಿಂತ ಜಟಿಲ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರದಿಂದ ತಿರುಳು, ಮುಂದೆ ಅಲ್ಲೇ ತಿರುಳಿನಿಂದ ವಿಸ್ಕೋಸ್ ನಾರು. ಮರ ಬೆಳೆಯುತ್ತದೆ, ನಾರು ಮಣ್ಣಿನಲ್ಲಿ ಕರಗುತ್ತದೆ. ಕಾಗದದ ಮೇಲೆ ಪಾಲಿಯೆಸ್ಟರ್‌ಗಿಂತ ಇದು ಎಷ್ಟೋ ಮೇಲು. ಆದರೆ ತಿರುಳನ್ನು ನಾರಾಗಿಸಲು ಕಾಸ್ಟಿಕ್ ಸೋಡಾ ಬೇಕು, ಕಾರ್ಬನ್ ಡೈಸಲ್ಫೈಡ್ ಬೇಕು, ನದಿಯ ನೀರು ಬೇಕು. ನದಿ ಕೆಡುತ್ತಿದೆ ಎಂದು 1980ರ ದಶಕದಲ್ಲಿ ದಡದ ಹಳ್ಳಿಗಳು ದನಿ ಎತ್ತಿದವು.

ಮರದ ಪ್ರಶ್ನೆ ಇನ್ನೂ ದೊಡ್ಡದಾಯಿತು. 1984ರಲ್ಲಿ ಸರ್ಕಾರ ಮತ್ತು ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ನೀಲಗಿರಿ ನೆಡಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನು ಅದರ ಕೈಗೆ ಹೋಗುವುದಿತ್ತು. ಆ ಜಮೀನು ಊರ ದನಕರುಗಳಿಗೆ ಮೇವು, ಬಡವರ ಒಲೆಗೆ ಸೌದೆ. ಶಿವರಾಮ ಕಾರಂತರು ಮತ್ತು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಲಾಯಿತು. ವಿಸ್ಕೋಸ್‌ಗೆ ಯಾವ ಕಾಡಿನ ಮರ ಎಂದು ಕೆನಡಾದ ಕ್ಯಾನೊಪಿ ಸಂಸ್ಥೆ ಜಗತ್ತಿನ ಫ್ಯಾಷನ್ ಕಂಪನಿಗಳನ್ನು ಕೇಳತೊಡಗಿದ್ದು 2013ರಲ್ಲಿ. ನಮ್ಮ ರೈತರು ಆ ಪ್ರಶ್ನೆಯನ್ನು ಕಾಲು ಶತಮಾನ ಮೊದಲೇ ಕೇಳಿದ್ದರು. ಫ್ಯಾಷನ್ ಇತಿಹಾಸದ ಪುಸ್ತಕಗಳಲ್ಲಿ ಕುಸನೂರಿಗೆ ಜಾಗ ಸಿಗಬೇಕು.

ಮೂರನೆಯ ದಾರಿ ಮಲೆನಾಡಿನಿಂದ ಬಂತು. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಹೆಗ್ಗೋಡಿನ ಬಳಿ ಕಟ್ಟಿದ ‘ಚರಕ’ ಮಹಿಳಾ ಸಂಘ ಕೈಮಗ್ಗದ ಬಟ್ಟೆಗೆ ಸಹಜ ಬಣ್ಣ ಹಾಕಿ, ‘ದೇಸಿ’ ಅಂಗಡಿಗಳ ಮೂಲಕ ಕುರ್ತಾ, ಜುಬ್ಬಾಗಳನ್ನು ಪೇಟೆಗೆ ತಂದಿತು. ಅಲ್ಲಿನ ಮುಖ್ಯ ಬಣ್ಣಗಳಲ್ಲಿ ಒಂದು ಅಡಿಕೆ ಚೊಗರು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ನೀರು ಅದು. ಪಟಿಕ ಸೇರಿಸಿದರೆ ಕೆಂಗಂದು. ಕಬ್ಬಿಣ ಸೇರಿಸಿದರೆ ಬೂದು, ಕಪ್ಪು. ದಾವಣಗೆರೆ ಜಿಲ್ಲೆಯದೇ ಆದ ಚನ್ನಗಿರಿ ಅಡಿಕೆಯ ನಾಡು. ಬಣ್ಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಇಷ್ಟೆಲ್ಲ ಕೈಯಳತೆಯಲ್ಲಿದ್ದೂ ವಿನ್ಯಾಸಗಾರರು ಎಡವುವುದು ಎಲ್ಲಿ? ನನ್ನ ಪ್ರಕಾರ ಒಗೆಯುವ ಕಲ್ಲಿನ ಮೇಲೆ. ವೇದಿಕೆಯ ಮೇಲೆ ಒಮ್ಮೆ ಮಿಂಚಿ ಪೆಟ್ಟಿಗೆ ಸೇರುವ ಉಡುಪು ಯಾವ ನಾರಿನದಾದರೂ ದಂಡವೇ. ವಿಸ್ಕೋಸ್ ಒದ್ದೆಯಾದಾಗ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಬಡಿದು, ಹಿಂಡಿ ಒಗೆಯುವ ಮನೆಗೆ ಅದರ ದುಪಟ್ಟಾ ಸರಿ, ದುಡಿಯುವವರ ಅಂಗಿಗೆ ಹತ್ತಿಯೇ ಸರಿ. ಕಬ್ಬಿಣದ ಕಪ್ಪಿನ ಮೇಲೆ ನಿಂಬೆರಸ ಬಿದ್ದರೆ ಅಲ್ಲಿ ಬಣ್ಣ ಬಿಳಚುತ್ತದೆ, ಕೊಳ್ಳುವವರಿಗೆ ಅದನ್ನು ಮೊದಲೇ ಹೇಳಬೇಕು. ಕೈಮಗ್ಗದ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿ ಹಾಕಿದರೆ ಮೊದಲ ಒಗೆತಕ್ಕೇ ಅಳತೆ ಕೆಡುತ್ತದೆ. ಬಟ್ಟೆ ಶುದ್ಧ ಹತ್ತಿಯದಾಗಿ ಹೊಲಿಗೆ ದಾರ ಪಾಲಿಯೆಸ್ಟರ್ ಆದರೆ, ಬಟ್ಟೆ ಮಣ್ಣಾದ ಮೇಲೂ ದಾರ ಉಳಿಯುತ್ತದೆ.

ವಿಸ್ಕೋಸ್‌ನ ತಂಗಿಯಂತಿರುವ ಲಯೋಸೆಲ್ ಈ ವಿಷಯದಲ್ಲಿ ಗಟ್ಟಿ. ಒದ್ದೆಯಾದರೂ ಬಲ ಅಷ್ಟು ಇಳಿಯದು, ಕಾರ್ಬನ್ ಡೈಸಲ್ಫೈಡ್ ಬೇಡ, ಬಳಸಿದ ದ್ರಾವಕವನ್ನು ಬಹುಪಾಲು ಮರಳಿ ಪಡೆಯಬಹುದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಕಂದು ಹತ್ತಿಗಂತೂ ಬಣ್ಣದ ಹಂಡೆಯೇ ಬೇಡ.

ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜವಳಿ ತಂತ್ರಜ್ಞಾನ ಕಲಿಸುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಚನ್ನಗಿರಿಯ ಚೊಗರು, ಧಾರವಾಡದ ಕಂದು ಹತ್ತಿ, ಹರಿಹರದ ನಾರು ಮೂರನ್ನೂ ಮುಂದಿಟ್ಟುಕೊಂಡು ಹತ್ತೇ ಉಡುಪು ಮಾಡಲಿ. ಮಂಡಿಪೇಟೆಯ ಹಮಾಲರು, ಬ್ಯಾಂಕಿನ ಗುಮಾಸ್ತರು, ಶಾಲೆಯ ಟೀಚರು ಅವನ್ನು ಒಂದು ಬೇಸಿಗೆ ಪೂರ್ತಿ ತೊಟ್ಟು, ಒಗೆದು ನೋಡಲಿ. ಫ್ಯಾಷನ್ ಷೋ ಆಮೇಲೆ ಇಟ್ಟುಕೊಳ್ಳೋಣ.